ಬೀದಿಯ ಹೆಜ್ಜೆ, ರಂಗದ ಎಂಟು ನಿಮಿಷ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮೊಹರಮ್ಮನ್ನು ಪೀರಲ ಹಬ್ಬ, ಬಾಬಯ್ಯನ ಹಬ್ಬ ಎಂದೂ ಕರೆಯುತ್ತಾರೆ. ಪೀರು ಕೂರಿಸಿದ ಮನೆಯ ಮುಂದೆ ಅಲಾಯಿ ಗುಂಡಿ ತೋಡಿ, ರಾತ್ರಿ ಬೆಂಕಿ ಹೊತ್ತಿದ ಮೇಲೆ ತಮಟೆಯ ಏಟಿಗೆ ಸುತ್ತುಗಟ್ಟಿ ಕುಣಿಯುವುದು ವಾಡಿಕೆ. ಕುಣಿಯುವವರಲ್ಲಿ ಮುಸ್ಲಿಮರಿಗಿಂತ ಇತರರೇ ಹೆಚ್ಚಿರುವುದುಂಟು. ದಣಿದವನು ಹೊರಬರುತ್ತಾನೆ, ನೋಡುತ್ತ ನಿಂತವನು ಒಳನುಗ್ಗುತ್ತಾನೆ. ಈ ಕುಣಿತಕ್ಕೆ ಪ್ರೇಕ್ಷಕರೆಂಬ ಬೇರೆ ಜಾತಿಯಿಲ್ಲ.

ಇದೇ ಕುಣಿತ ಉತ್ಸವಗಳ ವೇದಿಕೆಗೆ ಬಂದಾಗ ಏನಾಗುತ್ತದೆ? ಸಿಗುವುದು ಏಳೆಂಟು ನಿಮಿಷ. ಒಂದೇ ಬಣ್ಣದ ಅಂಗಿ ತೊಟ್ಟ ತಂಡ ಮುಖ್ಯ ಅತಿಥಿಗಳತ್ತ ಮುಖಮಾಡಿ ಸಾಲಾಗಿ ನಿಲ್ಲಬೇಕು. ಬೆಂಕಿಯಿಲ್ಲ, ಸುತ್ತಿಲ್ಲ. ನಿರೂಪಕರು ‘ಭಾವೈಕ್ಯದ ಸಂಕೇತ’ ಎನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ. ಕುಣಿದವನ ಹೆಸರು ಯಾರಿಗೂ ತಿಳಿಯುವುದಿಲ್ಲ.

ಬೀದಿಯ ಕುಣಿತ ರಂಗಕ್ಕೆ ಬರಬಾರದೆಂಬುದು ನಮ್ಮ ವಾದವಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಗಳಲ್ಲಿ 1970ರ ದಶಕದಲ್ಲಿ ಕಪ್ಪು ಮತ್ತು ಪೋರ್ಟೊರಿಕೊ ಮೂಲದ ಹುಡುಗರು ಹುಟ್ಟುಹಾಕಿದ ಹಿಪ್‌ಹಾಪ್ ಕುಣಿತವೂ ಸುತ್ತುಗಟ್ಟಿ ಆಡುವಂಥದೇ. ಫಿಲಡೆಲ್ಫಿಯಾದ ರೆನ್ನಿ ಹ್ಯಾರಿಸ್ 1992ರಲ್ಲಿ ತಂಡ ಕಟ್ಟಿ, 2000ದಲ್ಲಿ ರೋಮಿಯೊ-ಜೂಲಿಯಟ್ ಕಥೆಯನ್ನು ಅದೇ ಕುಣಿತದಲ್ಲಿ ರಂಗಕ್ಕೆ ತಂದರು. ಅಲ್ಲಿ ಕುಣಿತವು ಕಥೆಯ ನಡುವಿನ ಮನರಂಜನೆಯಾಗಿರಲಿಲ್ಲ. ಜಗಳವೂ ಪ್ರೀತಿಯೂ ಕುಣಿತದಲ್ಲೇ ನಡೆಯುತ್ತಿದ್ದವು. ನಮ್ಮಲ್ಲೂ ಚಿದಂಬರರಾವ್ ಜಂಬೆಯವರು ಉತ್ತರ ಕನ್ನಡದ ಸಿದ್ದಿಗಳನ್ನೇ ನಟರನ್ನಾಗಿಸಿ, ಅಚಿಬೆಯ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ಆಡಿಸಿದರು. ಸಿದ್ದಿಗಳು ಅಲ್ಲಿ ಪ್ರದರ್ಶನದ ವಸ್ತುಗಳಾಗದೆ ಪಾತ್ರಗಳಾದರು.

ನಮ್ಮ ಸೀಮೆಗೂ ನಾಟಕ ಹೊಸದಲ್ಲ. ಹಳ್ಳಿಯ ಬದುಕನ್ನೇ ನಾಟಕವಾಗಿಸಿದ ಬೆಳಗೆರೆ ಕೃಷ್ಣಶಾಸ್ತ್ರಿಗಳು ಚಳ್ಳಕೆರೆ ತಾಲ್ಲೂಕಿನವರು. ಜಾತ್ರೆ ಬಂದರೆ ಸೀನರಿ, ಹಾರ್ಮೋನಿಯಂ ಮಾಸ್ತರು, ಹೊರಗಿನಿಂದ ಕರೆಸಿದ ನಟಿಯರು ಎಲ್ಲವೂ ಸಿದ್ಧ. ಕಥೆ ಸೊರಗಿತೆನ್ನುವಷ್ಟರಲ್ಲಿ ರೆಕಾರ್ಡ್ ಡ್ಯಾನ್ಸ್! ಸಿನಿಮಾದ ಕ್ಲಬ್ಬಿನ ಹೆಜ್ಜೆ ಯಾರ ಅಪ್ಪಣೆಯನ್ನೂ ಕೇಳದೆ ಹಳ್ಳಿಯ ರಂಗ ಹತ್ತಿತು. ಅದೇ ರಂಗದಿಂದ ಕೂಗಳತೆಯಲ್ಲಿರುವ ಅಲಾಯಿ ಗುಂಡಿಯ ಹೆಜ್ಜೆಗೆ ಮಾತ್ರ ನಾಟಕದೊಳಗೆ ಜಾಗ ಸಿಗಲಿಲ್ಲ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ.

ನಮ್ಮ ಸಮುದಾಯದೊಳಗೂ ಈ ಬಗ್ಗೆ ಮಾತು ಸಲೀಸಾಗಿಲ್ಲ. ಹಿಜರಿ 61ರ ಕರ್ಬಲಾದ ದುಃಖಕ್ಕೆ ತಮಟೆ ಯಾಕೆ, ಇದು ದೀನ್‌ನಲ್ಲಿ ಇಲ್ಲ ಎಂದು ಉಲೇಮಾಗಳು ಹೇಳುತ್ತಾರೆ. ಹೊರಗಿನ ವಿಚಾರವಂತರಿಗೆ ಅದೇ ಕುಣಿತ ಸೌಹಾರ್ದದ ಸರ್ಟಿಫಿಕೇಟು. ಒಬ್ಬರು ಬಿಡಿಸಲು, ಇನ್ನೊಬ್ಬರು ಮೆರೆಸಲು ಹೊರಟಿದ್ದಾರೆ. ಎಣ್ಣೆ ಮಿಲ್ಲಿನ ಹಮಾಲಿ, ಮೊಳಕಾಲ್ಮೂರಿನ ಮಗ್ಗದವನು ವರ್ಷಕ್ಕೊಮ್ಮೆ ಆ ಬೆಂಕಿಯ ಮುಂದೆ ಯಾಕೆ ಬಂದು ನಿಲ್ಲುತ್ತಾನೆ, ಯಾವ ಹರಕೆ, ಯಾವ ಸಂಕಟ ಎಂದು ಇಬ್ಬರೂ ಕೇಳುವುದಿಲ್ಲ. ಎಲ್ಲರ ಕುಣಿತವೆಂದು ಹೊಗಳುವಾಗಲೂ ತಮಟೆ ಹಿಡಿಯುವ ಕೈ ಬಹುಪಾಲು ದಲಿತರದೇ, ಹೆಣ್ಣುಮಕ್ಕಳು ಬಹುಮಟ್ಟಿಗೆ ಸುತ್ತಿನ ಹೊರಗೇ ಎಂಬುದನ್ನು ಯಾರೂ ಆಡುವುದಿಲ್ಲ.

ಇವನ್ನೆಲ್ಲ ಕೇಳಬಲ್ಲದ್ದು ನಾಟಕ. ಉಲೇಮಾರ ಪ್ರಶ್ನೆಯೂ ತಮಟೆಯವನ ಉತ್ತರವೂ ಒಂದೇ ರಂಗದ ಮೇಲೆ ಎದುರುಬದುರಾಗಲಿ. ಅದಕ್ಕೆ ಎತ್ತರದ ವೇದಿಕೆಯೇ ಬೇಕೆಂದಿಲ್ಲ. ಇದೇ ಜಿಲ್ಲೆಯ ಸಾಣೇಹಳ್ಳಿಯಲ್ಲಿ ಗ್ರೀಕ್ ಮಾದರಿಯ ಬಯಲು ರಂಗಮಂದಿರವಿದೆ, 1997ರಿಂದ ಊರೂರು ತಿರುಗುವ ಶಿವಸಂಚಾರವಿದೆ. ಇಂಥ ರಂಗಕರ್ಮಿಗಳು ಚಳ್ಳಕೆರೆಯ ಹಳ್ಳಿಯೊಂದರಲ್ಲಿ ಹತ್ತು ದಿನ ಕೂತು, ಕುಣಿಯುವವರ ಜೊತೆಗೇ ನಾಟಕ ಕಟ್ಟಿದರೆ ನಾವು ಮುಂದಿನ ಸಾಲಿನಲ್ಲಿ ಕೂತು ನೋಡುತ್ತೇವೆ. ಎಂಟು ನಿಮಿಷದ ಭಾವೈಕ್ಯಕ್ಕೆ ಚಪ್ಪಾಳೆ ತಟ್ಟಿ ನಮ್ಮ ಕೈ ಸೋತಿದೆ.