ಅನಾಥಾಲಯದಿಂದ ಕುಟುಂಬಕ್ಕೆ: ಕ್ರೈಸ್ತ ಶಿಶುಪೋಷಣೆಯ ಹೊಸ ವಾದವೊಂದರ ಪರಿಶೀಲನೆ

ಆಶ್ರಯ ತಪ್ಪಿದ ಮಗುವಿಗೆ ಸಂಸ್ಥೆಯ ವಿಶಾಲವಾದ ಛಾವಣಿಗಿಂತ ಕುಟುಂಬವೊಂದರ ಸಣ್ಣ ಒಲೆಯೇ ಮೇಲೆಂಬ ವಾದವು ಈಚಿನ ಎರಡು ಮೂರು ದಶಕಗಳಲ್ಲಿ ಕ್ರೈಸ್ತ ಜಗತ್ತಿನಲ್ಲಿ ಪ್ರಬಲವಾಗುತ್ತ ಬಂದಿದೆ. ಉಕ್ರೇನಿನಲ್ಲಿ ಮೊಳೆತ ಚಳವಳಿಯೊಂದು ‘ಅನಾಥರಿಲ್ಲದ ಜಗತ್ತು’ ಎಂಬ ಧ್ಯೇಯವನ್ನು ಹೊತ್ತು ಹಲವು ದೇಶಗಳಿಗೆ ಹಬ್ಬಿದೆ. ಉಗಾಂಡದ ಕಥೋಲಿಕ ಸನ್ಯಾಸಸಭೆಗಳ ಒಕ್ಕೂಟವು ತಾವೇ ಕಟ್ಟಿದ ಮಕ್ಕಳ ಗೃಹಗಳಿಂದ ಮಕ್ಕಳನ್ನು ಮನೆಗಳಿಗೆ ಮರಳಿಸುವ ಕಾರ್ಯವನ್ನು 2016ರಲ್ಲಿ ಕೈಗೊಂಡಿತು. ನಮ್ಮ ಬೆಂಗಳೂರಿನಲ್ಲಿಯೇ ಸಲೇಶಿಯನ್ ಸಭೆಯವರು 1980ರಲ್ಲಿ ಆರಂಭಿಸಿದ ‘ಬೋಸ್ಕೊ’, ಅರ್ಥಾತ್ ಬೆಂಗಳೂರು ಓಣಿಯವರ ಸೇವಾಕೂಟವು, ಬೀದಿಗೆ ಬಿದ್ದ ಮಕ್ಕಳನ್ನು ಅವರ ಮನೆಗಳಿಗೆ ಮುಟ್ಟಿಸುವುದನ್ನು ತನ್ನ ಕೆಲಸಗಳಲ್ಲೊಂದಾಗಿ ನಡೆಸಿಕೊಂಡು ಬಂದಿದೆ. ಈ ವಾದದ ಸಿದ್ಧಾಂತವು ನಮಗೆ ಸಮ್ಮತವೇ ಆಗಿದೆ. ಆದರೆ ವಾದಿಗಳು ತಮ್ಮ ಪೂರ್ವಿಕರ ಚರಿತ್ರೆಯನ್ನು ಹೇಳುವ ರೀತಿ ನಮಗೆ ಸಮಂಜಸವೆಂದು ತೋರುವುದಿಲ್ಲ. ಈ ದೋಷವು ಕೇವಲ ಚರಿತ್ರೆಯ ದೋಷವಾಗಿ ನಿಲ್ಲದೆ ಇಂದಿನ ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಂಥ ಗಡಿಪಟ್ಟಣದಲ್ಲಿ ಬಾಡಿಗೆಯ ಒಂದೇ ಕೋಣೆಯಲ್ಲಿ ವಾಸಿಸುವ ತಾಯಿ ಮಕ್ಕಳವರೆಗೂ ಬಂದು ಮುಟ್ಟುತ್ತದೆಯಾದ್ದರಿಂದ ಅದನ್ನು ಪರಿಶೀಲಿಸುವುದು ಅವಶ್ಯಕವಾಗಿದೆ.

ಮೊದಲು ವಾದದ ಬಲವನ್ನು ಹೇಳಬೇಕು. ಬೈಬಲ್ಲಿನ ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯವು ಅನಾಥರನ್ನೂ ವಿಧವೆಯರನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. ತಂದೆಯಿಲ್ಲದ ಮಗುವಿನ ಪಕ್ಕದಲ್ಲಿ ಗಂಡನಿಲ್ಲದ ತಾಯಿ ಇದ್ದೇ ಇರುತ್ತಾಳೆಂಬ ಲೋಕಾನುಭವವು ಆ ಜೋಡಿಯಲ್ಲಿ ಅಡಗಿದೆ. ಅನಾಥಾಲಯವು ಮಗುವನ್ನು ಒಳಗೆ ತೆಗೆದುಕೊಂಡು ವಿಧವೆಯನ್ನು ಬಾಗಿಲ ಹೊರಗೆ ನಿಲ್ಲಿಸಿತಷ್ಟೆ ಎಂದು ವಾದಿಗಳು ಹೇಳುವಾಗ ಅವರ ಶಾಸ್ತ್ರವ್ಯಾಖ್ಯಾನವನ್ನು ಮೆಚ್ಚಲೇಬೇಕು. ವಿಜ್ಞಾನದ ಸಾಕ್ಷ್ಯವೂ ಅವರ ಕಡೆಗಿದೆ. ರುಮೇನಿಯದ ಬುಕಾರೆಸ್ಟಿನಲ್ಲಿ 2000ದಿಂದ ಮೊದಲಾದ ಅಧ್ಯಯನವೊಂದರಲ್ಲಿ ಸಂಸ್ಥೆಗಳಲ್ಲಿದ್ದ 136 ಶಿಶುಗಳ ಪೈಕಿ ಅರ್ಧದಷ್ಟನ್ನು ಚೀಟಿಯೆತ್ತಿದಂತೆ ಆರಿಸಿ ಪೋಷಕ ಕುಟುಂಬಗಳಿಗೆ ಒಪ್ಪಿಸಲಾಯಿತು. ಬುದ್ಧಿಯಲ್ಲಿಯೂ ಮಮತೆಯ ಸಂಬಂಧಗಳಲ್ಲಿಯೂ ಕುಟುಂಬ ಸೇರಿದ ಶಿಶುಗಳು ಮುಂದಾದುದು, ಅದರಲ್ಲಿಯೂ ಎರಡು ವರ್ಷ ತುಂಬುವ ಮೊದಲೇ ಸೇರಿದವು ಹೆಚ್ಚು ಮುಂದಾದುದು, ಕಂಡುಬಂದಿತು.

ಇನ್ನು ಚರಿತ್ರೆಯ ಮಾತು. ಹತ್ತೊಂಬತ್ತನೆಯ ಶತಮಾನದ ಮಿಶನರಿಗಳು ಕರುಣಾಳುಗಳಾಗಿದ್ದರು. ಕುಟುಂಬಪೋಷಣೆಯ ವಿಚಾರವು ಆ ಕಾಲಕ್ಕೆ ತಿಳಿದಿರಲಿಲ್ಲವಾದ್ದರಿಂದ ಅನಾಥಾಲಯಗಳನ್ನು ಕಟ್ಟಿದರು. ಇಂದು ತಿಳಿವು ಬಂದಿದೆ, ವಿಧಾನ ಬದಲಾಗಬೇಕು ಎಂಬುದು ಈ ಪಕ್ಷದವರು ಸಾಮಾನ್ಯವಾಗಿ ನಿರೂಪಿಸುವ ಚರಿತ್ರೆ. ಕನ್ನಡನಾಡಿನ ಮಿಶನ್ ಚರಿತ್ರೆಯನ್ನು ಓದಿದವರು ಇದನ್ನು ಒಪ್ಪುವುದು ಕಷ್ಟ. ವಿಚಾರ ತಿಳಿದಿರಲಿಲ್ಲವೆಂಬುದೇ ಸರಿಯಲ್ಲ. ಜರ್ಮನಿಯ ಹ್ಯಾಂಬರ್ಗಿನ ಬಳಿ ವಿಖೆರ್ನ್ ಎಂಬಾತನು 1833ರಲ್ಲಿ ಸ್ಥಾಪಿಸಿದ ‘ರೌಹೆಸ್ ಹೌಸ್’ನಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಹನ್ನೆರಡರಷ್ಟು ಮಂದಿಯ ‘ಕುಟುಂಬ’ಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಮನೆಯನ್ನೂ ಒಬ್ಬೊಬ್ಬ ಹಿರಿಯನನ್ನೂ ಏರ್ಪಡಿಸಲಾಗಿತ್ತು. ಮರುವರ್ಷ, 1834ರಲ್ಲಿ, ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾಲಿಟ್ಟರು. ಎರಡೂ ಜರ್ಮನ್ ಭಾಷೆಯ ಒಂದೇ ಭಕ್ತಿಪಂಥದ ಪರಂಪರೆಯಿಂದ ಬಂದವು. ಮಗುವಿನ ಬಾಳಿಗೆ ಕುಟುಂಬವು ಏನೆಂಬುದು ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಿಗೆ ಬಂದ ಪಾದ್ರಿಗಳಿಗೆ ತಿಳಿಯದ ವಿಷಯವಾಗಿರಲಿಲ್ಲ.

ತಿಳಿದೂ ಹಾಗೇಕೆ ಮಾಡಿದರೆಂಬ ಪ್ರಶ್ನೆಗೆ ಉತ್ತರ ಅವರು ತಮ್ಮ ಸ್ವಂತ ಮಕ್ಕಳನ್ನು ನಡೆಸಿಕೊಂಡ ಕ್ರಮದಲ್ಲಿ ಸಿಗುತ್ತದೆ. ಮಿಶನರಿಗಳ ಮಕ್ಕಳು ಎಳವೆಯಲ್ಲಿಯೇ ಭಾರತವನ್ನು ಬಿಟ್ಟು ಯೂರೋಪಿಗೆ ಹೋಗಿ ಬೆಳೆಯಬೇಕೆಂಬ ನಿಯಮವನ್ನು ಬಾಸೆಲ್ಲಿನ ಆಡಳಿತವು 1853ರಲ್ಲಿ ವಿಧಿಸಿತು. ಬಂಧುಗಳ ಮನೆಯಿಲ್ಲದ ಮಕ್ಕಳಿಗೆಂದು ಬಾಸೆಲ್ಲಿನಲ್ಲಿಯೇ ಒಂದು ಮಕ್ಕಳ ಗೃಹವಿತ್ತು. ನಿಯಮ ಬರುವ ಮೊದಲೇ ರೂಢಿಯಿದ್ದಿತು. ಮಲೆಯಾಳ ನಿಘಂಟಿನ ಕರ್ತೃ ಹೆರ್ಮನ್ ಗುಂಡರ್ಟರ ಮಗಳು ಮಾರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಎಳವೆಯಲ್ಲಿಯೇ ಅವಳನ್ನು ಯೂರೋಪಿನಲ್ಲಿ ಬಿಟ್ಟು ತಂದೆತಾಯಿಗಳು ಹಿಂದಿರುಗಿದರು. ಅವಳು ಮತ್ತೆ ಅವರನ್ನು ಸೇರಿದುದು 1857ರಲ್ಲಿ. ಮುಂದೆ ಅವಳ ಮಗನಾಗಿ ಹುಟ್ಟಿದವನು ಜರ್ಮನ್ ಕಾದಂಬರಿಕಾರ ಹೆರ್ಮನ್ ಹೆಸ್ಸೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಈ ಪಾದ್ರಿಗಳು ಮಕ್ಕಳನ್ನು ಪ್ರೀತಿಸಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ತಪ್ಪಾದ ವಾತಾವರಣದಲ್ಲಿರುವ ಕುಟುಂಬದಿಂದ ಸರಿಯಾದ ಮಗು ಬೆಳೆಯಲಾರದೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಆ ನಂಬಿಕೆಯನ್ನು ಅವರು ತಮ್ಮ ಮನೆಗೂ ಬಿಡದೆ ಅನ್ವಯಿಸಿದರು. ಅಂದಮೇಲೆ ಸುತ್ತಲ ಹಳ್ಳಿಗಳ ‘ಅಜ್ಞಾನಿ’ ಕುಟುಂಬಗಳ ವಿಷಯದಲ್ಲಿ ಅವರ ತೀರ್ಪು ಏನಾಗಿದ್ದಿತೆಂಬುದನ್ನು ವಿವರಿಸಬೇಕಾಗಿಲ್ಲ. ಅನಾಥಾಲಯವೆಂಬುದು ಈ ತೀರ್ಪು ಕಲ್ಲುಗಾರೆಯ ರೂಪ ತಾಳಿದುದೇ ಸರಿ.

1876-78ರ ಕ್ಷಾಮವು ಈ ಕಟ್ಟಡಗಳನ್ನು ತುಂಬಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ವೆಸ್ಲಿಯನ್ ಮಿಶನ್ನಿನವರು ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯಗಳನ್ನು ನಡೆಸಿದರು. ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕ್ಷಾಮದ ಮಕ್ಕಳನ್ನು ಸೇರಿಸಿಕೊಂಡು ಕಟ್ಟಿದ ಸಂಸ್ಥೆಯು 1890ರಲ್ಲಿ ಮೆಥಡಿಸ್ಟ್ ಎಪಿಸ್ಕೋಪಲ್ ಮಿಶನ್ನಿಗೆ ಸೇರಿತು. ಹೊಟ್ಟೆಗಿಲ್ಲದೆ ಊರೂರೇ ಗುಳೆ ಹೊರಟು ದಾರಿಯಲ್ಲಿ ಹೆಣ ಬೀಳುತ್ತಿದ್ದ ಆ ದಿನಗಳಲ್ಲಿ ಗಂಜಿಯ ಪಾತ್ರೆಯಿದ್ದ ಬಾಗಿಲನ್ನು ಕುರಿತು ಇಂದು ಕುಳಿತು ಕುಹಕವಾಡುವುದು ಸಲ್ಲದು. ಆ ಬಾಗಿಲು ಇಲ್ಲದಿದ್ದರೆ ಎಷ್ಟೋ ಮಕ್ಕಳು ಬದುಕುತ್ತಿರಲಿಲ್ಲ. ಆದರೆ ಮಳೆ ಬಂದು ಬೆಳೆ ಬಂದ ಮೇಲೂ ಆ ಬಾಗಿಲು ಹೊರಕ್ಕೆ ತೆರೆಯಲಿಲ್ಲವೆಂಬುದು ವಿಚಾರಾರ್ಹ. ಅಲ್ಲಿ ಬೆಳೆದ ಹುಡುಗರಿಗೂ ಹುಡುಗಿಯರಿಗೂ ತಮ್ಮೊಳಗೇ ವಿವಾಹಗಳಾದವು. ಅವರು ಕ್ರೈಸ್ತ ಹಳ್ಳಿಗಳಲ್ಲಿ ನೆಲಸಿದರು. ಕರಾವಳಿಯಲ್ಲಾದರೆ 1865ರಲ್ಲಿ ಮೊದಲಾದ ಹೆಂಚಿನ ಕಾರ್ಖಾನೆಯಂಥವು ಮಿಶನ್ನಿನ ಆಶ್ರಿತರಿಗೆ ಜೀವನೋಪಾಯವಾದವು. ಮಿಶನ್ ಕುಟುಂಬವನ್ನು ಅಲಕ್ಷಿಸಿತೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಅದು ಕುಟುಂಬಗಳನ್ನು ಕಟ್ಟಿತು. ಅವು ಮಗು ಹುಟ್ಟಿಬಂದ ಕುಟುಂಬಗಳಾಗಿರಲಿಲ್ಲ.

ಇಲ್ಲಿ ಶಬ್ದವೊಂದರ ವಿಚಾರವನ್ನು ಹೇಳುವುದು ಅಪ್ರಸ್ತುತವಾಗಲಾರದು. ‘ಅನಾಥ’ನೆಂದರೆ ನಾಥನಿಲ್ಲದವನು; ಒಡೆಯನೊಬ್ಬನು ದೊರೆತರೆ ಅವನ ಅನಾಥತ್ವ ತೀರಿತು. ಕನ್ನಡದ ‘ತಬ್ಬಲಿ’ಯು ಮೊದಲು ನೆನಪಿಗೆ ತರುವುದು ತಾಯಿಯಿಲ್ಲದ ಕರುವನ್ನು. ಗೋವಿನ ಹಾಡಿನಲ್ಲಿ ಪುಣ್ಯಕೋಟಿಯು ಹುಲಿಯ ಬಳಿಗೆ ಹೊರಡುವ ಮುನ್ನ ಕರುವನ್ನು ಒಪ್ಪಿಸಿಹೋಗುವುದು ದೊಡ್ಡಿಯ ಯಜಮಾನನಿಗಲ್ಲ, ತನ್ನ ಒಡನಾಡಿ ಹಸುಗಳಿಗೆ. ಚಿಕ್ಕಮ್ಮ, ಸೋದರತ್ತೆ, ಅಜ್ಜಿ ಎಂಬವರು ಕಾನೂನಿನ ಕಣ್ಣಿಗೆ ಬೀಳುವ ಬಹುಕಾಲದ ಮೊದಲೇ ಈ ನಾಡಿನ ತಬ್ಬಲಿಗಳ ಪಾಲಕರಾಗಿದ್ದರು. ಮಿಶನ್ನಿನ ಅನಾಥಾಲಯದ ಲೆಕ್ಕವಾದರೋ ಸಾಮಾನ್ಯವಾಗಿ ತಲೆಯೆಣಿಕೆಯ ಲೆಕ್ಕವಾಗಿತ್ತು. ದೂರದ ದಾನಿಯ ಮುಂದೆ ಇಡಬಹುದಾದುದು ಕಟ್ಟಡದ ಚಿತ್ರ ಮತ್ತು ಮಕ್ಕಳ ಸಂಖ್ಯೆ. ಅಜ್ಜಿಯೊಬ್ಬಳಿಗೆ ತಿಂಗಳಿಗೆ ನಾಲ್ಕು ಸೇರು ರಾಗಿ ಕೊಟ್ಟುದು ಚಿತ್ರವಾಗುವುದಿಲ್ಲ. ಹಣದ ಈ ಸ್ವಭಾವವು ಇಂದಿಗೂ ಬಹಳ ಬದಲಾಗಿಲ್ಲ.

ಹೊಸ ವಾದಿಗಳು ಮರೆಯುವ ಇನ್ನೊಂದು ಸಂಗತಿ ಕಾನೂನಿನದು. 1956ರ ಹಿಂದೂ ದತ್ತಕ ಕಾಯ್ದೆಯು ಕ್ರೈಸ್ತರಿಗೆ ಅನ್ವಯಿಸುವುದಿಲ್ಲ. 1890ರ ಪಾಲಕ ಮತ್ತು ಪಾಲಿತರ ಕಾಯ್ದೆಯ ಪ್ರಕಾರ ಕ್ರೈಸ್ತ ದಂಪತಿಗಳು ಮಗುವಿಗೆ ಪಾಲಕರಾಗಬಹುದಾಗಿತ್ತೇ ಹೊರತು ತಂದೆತಾಯಿಗಳಾಗುವಂತಿರಲಿಲ್ಲ. ಮಗು ಪ್ರಾಪ್ತವಯಸ್ಕವಾದೊಡನೆ ಆ ಸಂಬಂಧವೂ ಕಡಿಯುತ್ತಿತ್ತು. ಎಲ್ಲ ಮತದವರಿಗೂ ಸಾಮಾನ್ಯವಾದ ದತ್ತಕ ಮಸೂದೆಯು 1972ರಲ್ಲಿ ಸಂಸತ್ತಿನ ಮುಂದೆ ಬಂದು ಕಾಯ್ದೆಯಾಗದೆ ಹೋಯಿತು. 2000ದ ಬಾಲನ್ಯಾಯ ಕಾಯ್ದೆ ಮತ್ತು ಅದರ 2006ರ ತಿದ್ದುಪಡಿಗಳ ಮೂಲಕವೇ ಆ ಹಕ್ಕು ಸ್ಪಷ್ಟವಾಯಿತು. ಆದುದರಿಂದ ಒಂದು ಶತಮಾನಕ್ಕೂ ಹೆಚ್ಚುಕಾಲ ಕ್ರೈಸ್ತ ಉಪದೇಶಕನು ಮಗುವನ್ನು ಮನೆಗೆ ಸೇರಿಸಿಕೊಳ್ಳಿರೆಂದು ಬೋಧಿಸಿದ್ದರೂ ಆ ಮಗುವನ್ನು ಮನೆಯ ವಾರಸುದಾರನನ್ನಾಗಿ ಮಾಡುವ ದತ್ತಕದ ದಾರಿ ಕೇಳುಗನಿಗೆ ಇರಲಿಲ್ಲ.

ಈಗ ಅತ್ತಿಬೆಲೆಗೆ ಬರೋಣ. ಹೊಸೂರಿನ ಹೆದ್ದಾರಿಯ ಮೇಲಿರುವ ಈ ಊರು ಇಂದು ಪುರಸಭೆ; ಇಲ್ಲಿಂದ ಬೊಮ್ಮಸಂದ್ರದವರೆಗೆ, ಅತ್ತ ಜಿಗಣಿಯವರೆಗೆ ಕಾರ್ಖಾನೆಗಳ ಸಾಲು. ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ, ಬಿಹಾರ ಒಡಿಶಾಗಳಿಂದ ಕೂಲಿಗೆ ಬಂದವರಿಗೆ ಇಲ್ಲಿ ಕೋಣೆಯಿದೆ, ಪಾಳಿಯಿದೆ, ಅಜ್ಜಿಯಿಲ್ಲ. ತರಗತಿಯಲ್ಲಿ ನಾವು 1877ರ ಅನಾಥಾಲಯಗಳ ಪಾಠ ಹೇಳುತ್ತಿದ್ದಾಗ ಆ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದು, “ಸಾರ್, ಅಲ್ಲಿದ್ದ ಮಕ್ಕಳಿಗೆಲ್ಲ ತಾಯಿ ಸತ್ತೇ ಹೋಗಿದ್ದರಾ?” ಎಂದು ಕೇಳಿದನು. ಪಾಠ ಮುಗಿದ ಮೇಲೆ ತಿಳಿದ ಸಂಗತಿಯೇನೆಂದರೆ, ತಂದೆ ತೀರಿಕೊಂಡ ಮೇಲೆ ಆರು ವರ್ಷ ಅವನು ಮಕ್ಕಳ ಗೃಹವೊಂದರಲ್ಲಿ ಬೆಳೆದಿದ್ದನು. ಅತ್ತಿಬೆಲೆಯಲ್ಲಿದ್ದ ತಾಯಿಗೆ ಎರಡನೆಯ ಪಾಳಿ. ರಾತ್ರಿ ಹತ್ತೂವರೆಯವರೆಗೆ ಮಗುವನ್ನು ಬಿಡಲು ಸ್ಥಳವಿರಲಿಲ್ಲ. ತಿಂಗಳಿಗೊಂದು ಭಾನುವಾರ ಅವಳು ಬಂದು ನೋಡಿಕೊಂಡು ಹೋಗುತ್ತಿದ್ದಳು. ಅಲ್ಲಿಯ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಅರ್ಧ ಅನಾಥ’ ಎಂದು ಬರೆದಿದ್ದರಂತೆ. ಆ ಗೃಹದವರು ಅವನಿಗೆ ಊಟಕ್ಕೂ ಓದಿಗೂ ಕಡಿಮೆ ಮಾಡಲಿಲ್ಲ. ಅದನ್ನು ಅವನೇ ಹೇಳಿದನು. “ಆದರೆ ಅಮ್ಮನಿಗೆ ಮಗು ಸಾಕೋದಕ್ಕೆ ಬರಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು ಸಾರ್” ಎಂದನು. ಬಾಸೆಲ್ಲಿನವರ ಹಳೆಯ ತೀರ್ಪನ್ನು ನಾವು ಇಷ್ಟು ಸಂಕ್ಷೇಪವಾಗಿ ಬೇರೆಲ್ಲಿಯೂ ಕೇಳಿರಲಿಲ್ಲ.

ಇವನು ಅಪವಾದವಲ್ಲವೆಂಬುದಕ್ಕೆ ಮಹಾಮಾರಿಯ ವರ್ಷವೇ ಸಾಕ್ಷಿ. 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಲೆಕ್ಕದಂತೆ, ದೇಶದ ಮಕ್ಕಳ ಗೃಹಗಳಲ್ಲಿದ್ದ 2,27,518 ಮಕ್ಕಳ ಪೈಕಿ 1,45,788 ಮಂದಿಯನ್ನು ಕೊರೋನಾ ಕಾಲದಲ್ಲಿ ಕುಟುಂಬಗಳಿಗೋ ಪಾಲಕರಿಗೋ ಕಳುಹಿಸಲಾಗಿತ್ತು. ನೂರರಲ್ಲಿ ಅರವತ್ತನಾಲ್ಕು ಮಂದಿಗೆ ಹೋಗಲು ಒಂದು ಮನೆಯಿದ್ದಿತೆಂದಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಕರ್ನಾಟಕವೂ ಸೇರಿದಂತೆ ಎಂಟು ರಾಜ್ಯಗಳಿಗೆ ಬರೆದು, ಗೃಹಗಳಲ್ಲಿರುವ ಮಕ್ಕಳನ್ನು 100 ದಿನಗಳೊಳಗೆ ಮನೆ ಸೇರಿಸಬೇಕೆಂದು ಸೂಚಿಸಿತು. ಬಾಡಿಗೆ, ಪಾಳಿ, ಸಾಲ ಯಾವುದೂ ಬದಲಾಗದೆ ಮಗು ಮಾತ್ರ ಮರಳಿದರೆ ಅದು ಮತ್ತೆ ಹೊರಬೀಳುವ ಕಾರಣವೂ ಅದರ ಜೊತೆಯಲ್ಲಿಯೇ ಮನೆಯಲ್ಲಿರುತ್ತದೆ. ಮರಳಿದ ಮಗುವಿನ ವಿದ್ಯಾಭ್ಯಾಸಕ್ಕೆ ತಿಂಗಳಿಗೆ 2,000 ರೂಪಾಯಿ ಕೊಡಬೇಕೆಂದು ನ್ಯಾಯಾಲಯವು ಹೇಳಬೇಕಾಯಿತು.

ಹೊಸ ವಾದದ ಮೇಲೆ ನಮ್ಮ ಮುಖ್ಯ ಆಕ್ಷೇಪ ಇಲ್ಲಿದೆ. ಹಳೆಯ ತಪ್ಪನ್ನು ಕೇವಲ ವಿಧಾನದ ತಪ್ಪೆಂದು ಓದಿದವರು ಕಟ್ಟಡವನ್ನು ಬಿಟ್ಟು ‘ಒಳ್ಳೆಯ ಕುಟುಂಬ’ವನ್ನು ಹುಡುಕಲು ಹೊರಡುತ್ತಾರೆ, ದತ್ತು ತೆಗೆದುಕೊಳ್ಳುವ, ಪೋಷಕರಾಗುವ ಕ್ರೈಸ್ತ ದಂಪತಿಗಳನ್ನು ಹುರಿದುಂಬಿಸುವ ಮಾತು ಅವರ ಉಪನ್ಯಾಸಗಳಲ್ಲಿ ಉಕ್ಕಿಬರುತ್ತದೆ. ಮಗುವಿನ ತಾಯಿಯ ಕೋಣೆಯ ಬಾಡಿಗೆಯ ಮಾತು ಬಂದಾಗ ಆ ಉತ್ಸಾಹ ಇಳಿಯುತ್ತದೆ. ನಿಜಕ್ಕೂ ಯಾರೂ ಇಲ್ಲದ ಮಗುವಿಗೆ ದತ್ತಕವೇ ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಾಯಿಯುಳ್ಳ ಮಗುವಿಗೆ ಮೇಲಾದ ಇನ್ನೊಂದು ಮನೆಯನ್ನು ಹುಡುಕುವುದು ಕೋಲಾರ ತುಮಕೂರುಗಳ ಹಳೆಯ ತೀರ್ಪನ್ನೇ ಗೋಡೆಯಿಲ್ಲದೆ ಜಾರಿಗೊಳಿಸಿದಂತೆ.

ಈ ವಿಷಯದಲ್ಲಿ ನಮ್ಮ ಕಾನೂನು ಉಪದೇಶಕರಿಗಿಂತ ಯಾಕೋಬನಿಗೆ ಹತ್ತಿರವಾಗಿದೆ ಎಂಬುದು ಕುತೂಹಲದ ಸಂಗತಿ. 2015ರ ಬಾಲನ್ಯಾಯ ಕಾಯ್ದೆಯ 45ನೆಯ ಪ್ರಕರಣವು ಪ್ರಾಯೋಜಕತ್ವದ ಸಹಾಯಕ್ಕೆ ಅರ್ಹರಾದವರನ್ನು ಹೇಳುವಾಗ ಮೊಟ್ಟಮೊದಲು ಹೆಸರಿಸುವುದು ತಾಯಿ ವಿಧವೆಯೋ ಪರಿತ್ಯಕ್ತೆಯೋ ಆಗಿರುವ ಮಗುವನ್ನು. 2022ರ ಮಿಶನ್ ವಾತ್ಸಲ್ಯದ ಮಾರ್ಗಸೂಚಿಯು ಅಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿಯನ್ನು ಗೊತ್ತುಮಾಡಿದೆ. ಆದರೆ ಕುಟುಂಬದ ಆದಾಯವು ಗ್ರಾಮಗಳಲ್ಲಿ ವರ್ಷಕ್ಕೆ 72,000, ಇತರ ಕಡೆಗಳಲ್ಲಿ 96,000 ರೂಪಾಯಿಗಳನ್ನು ಮೀರಬಾರದೆಂಬ ಷರತ್ತೂ ಅದರಲ್ಲಿದೆ. 96,000 ಎಂದರೆ ತಿಂಗಳಿಗೆ 8,000. ಅತ್ತಿಬೆಲೆಯ ಕಾರ್ಖಾನೆಯಲ್ಲಿ ಕಾನೂನಿನ ಕನಿಷ್ಠ ವೇತನವನ್ನು ಪಡೆಯುವ ವಿಧವೆಯೊಬ್ಬಳು ಅದನ್ನು ಪಡೆದ ಮಾತ್ರಕ್ಕೆ ಈ ಮಿತಿಯನ್ನು ಮೀರುತ್ತಾಳೆ. ಬಾಡಿಗೆಯನ್ನು ಕಳೆದು ನೋಡುವ ಪದ್ಧತಿಯಿಲ್ಲ. ಗಡಿ ದಾಟಿ ಕೆಲವೇ ಮೈಲಿ ದೂರದ ಹೊಸೂರಿಗೆ ಅವಳು ಕೋಣೆ ಬದಲಾಯಿಸಿದಳೆಂದರೆ ಬೆಂಗಳೂರು ನಗರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಕಡತವು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯದಾಗಬೇಕು. ಕ್ರೈಸ್ತ ಸಭೆಗಳ ಕೈಯಲ್ಲಿ ಈ ಎರಡೂ ಕಡೆ ಶಾಲೆಗಳಿವೆ, ಸಂಜೆ ಖಾಲಿಯಾಗುವ ಕೋಣೆಗಳಿವೆ, ಬಿಡುವಿರುವ ಹಿರಿಯ ಹೆಂಗಸರೂ ಇದ್ದಾರೆ. ಎರಡನೆಯ ಪಾಳಿ ಮುಗಿಯುವುದು ರಾತ್ರಿ ಹತ್ತೂವರೆಗೆ.