ಲಿಂಕನ್ ಸಂಸ್ಥೆಯ ಪತನವೂ ಸೆನೆಟ್ಟಿನ ನೀತಿವಿಚಾರಣೆಯೂ

ರಾಜಕಾರಣಿಯೊಬ್ಬನ ನಡತೆಯನ್ನು ತೂಗಹೊರಟಾಗ, ಅವನ ಕೈಗೆ ಹಣ ಬಂದಿತೇ, ಬಂದ ಹಣಕ್ಕೂ ಅವನು ಮಾಡಿದ ಕೆಲಸಕ್ಕೂ ಸಂಬಂಧವೆಷ್ಟು ಎಂದು ಕೇಳುವುದು ಒಂದು ಬಗೆ. ಅವನ ಕೆಲಸದಿಂದ ಯಾರು ಕೆಟ್ಟರು, ಕೆಡುವ ಸೂಚನೆ ಅವನಿಗೆ ಯಾವಾಗ ದೊರೆಯಿತು, ದೊರೆತಮೇಲೆ ಅವನು ಏನು ಮಾಡಿದನು ಎಂದು ಕೇಳುವುದು ಇನ್ನೊಂದು ಬಗೆ. ಅಮೆರಿಕದ ಸೆನೆಟ್ ಸಭೆಯ ನೀತಿಸಮಿತಿಯು ತನ್ನ ಐವರು ಸದಸ್ಯರನ್ನು ಕುರಿತು 1991ರಲ್ಲಿ ಕೊಟ್ಟ ತೀರ್ಪು ಮೊದಲನೆಯ ಪ್ರಶ್ನೆಗೆ ಬಹು ಶ್ರಮದಿಂದ ಉತ್ತರ ಹುಡುಕಿತು. ಎರಡನೆಯದರ ಸಮೀಪಕ್ಕೆ ಬಂದು, ಅದನ್ನು ಪೂರ್ತಿಯಾಗಿ ಕೇಳದೆ ಹಿಂದೆ ಸರಿಯಿತು. ಆ ಕೊರತೆಯನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಸಾಮಾನ್ಯ ಜನರ ಉಳಿತಾಯವನ್ನು ಕೂಡಿಸಿ, ಮನೆ ಕಟ್ಟಿಕೊಳ್ಳುವವರಿಗೆ ಸಾಲ ಕೊಡುವುದಕ್ಕೆಂದು ಆ ದೇಶದಲ್ಲಿ ಹುಟ್ಟಿಕೊಂಡ ಉಳಿತಾಯ-ಸಾಲ ಸಂಸ್ಥೆಗಳ ಕಟ್ಟುಪಾಡುಗಳನ್ನು 1980ರ ದಶಕದ ಆರಂಭದಲ್ಲಿ ಶಾಸನವೇ ಸಡಿಲಿಸಿತು. ಒಂದು ಲಕ್ಷ ಡಾಲರಿನವರೆಗಿನ ಠೇವಣಿಗೆ ಸರ್ಕಾರದ ವಿಮೆಯಿದ್ದುದರಿಂದ, ಹೂಡಿದ ಹಣ ಫಲಿಸಿದರೆ ಲಾಭ ಮಾಲೀಕನದು, ಮುಳುಗಿದರೆ ಹೊರೆ ಬೊಕ್ಕಸದ್ದು ಎಂಬ ವಿಪರೀತ ಸ್ಥಿತಿ ಒದಗಿತು. ಅರಿಜೋನಾದ ಫೀನಿಕ್ಸ್ ನಗರದ ಚಾರ್ಲ್ಸ್ ಕೀಟಿಂಗ್ ಎಂಬ ಉದ್ಯಮಿಯು ತನ್ನ ಅಮೆರಿಕನ್ ಕಾಂಟಿನೆಂಟಲ್ ಕಂಪನಿಯ ಮೂಲಕ ಕ್ಯಾಲಿಫೋರ್ನಿಯದ ಲಿಂಕನ್ ಸಂಸ್ಥೆಯನ್ನು 1984ರಲ್ಲಿ ಕೊಂಡದ್ದು ಇಂಥ ಕಾಲದಲ್ಲಿ. ಮನೆಸಾಲಗಳನ್ನು ಬದಿಗಿಟ್ಟು ಭೂವ್ಯವಹಾರದಲ್ಲಿಯೂ ಅಪಾಯದ ಸಾಲಪತ್ರಗಳಲ್ಲಿಯೂ ಅವನು ಹಣ ತೊಡಗಿಸಿದನು. ಇಂತಹ ನೇರ ಹೂಡಿಕೆಗೆ ನಿಯಂತ್ರಣ ಮಂಡಲಿಯ ಅಧ್ಯಕ್ಷ ಎಡ್ವಿನ್ ಗ್ರೇ 1985ರಲ್ಲಿ ಮಿತಿ ಹಾಕಿದಾಗ, ಮಿತಿಯನ್ನು ಪಾಲಿಸುವುದಕ್ಕಿಂತ ಮಿತಿ ಹಾಕಿದವರನ್ನು ಮಣಿಸುವುದೇ ಸುಲಭವೆಂದು ಕೀಟಿಂಗನಿಗೆ ತೋರಿತು. ಐವರು ಸೆನೆಟರರ ಚುನಾವಣೆಗಳಿಗೂ ಅವರಿಗೆ ಬೇಕಾದ ಸಂಘಗಳಿಗೂ ಅವನಿಂದಲೂ ಅವನ ಬಳಗದಿಂದಲೂ ಸಂದ ಹಣ ಹದಿಮೂರು ಲಕ್ಷ ಡಾಲರಿನಷ್ಟು. ಈ ಹಣ ಅವರ ಮೇಲೆ ಪ್ರಭಾವ ಬೀರಿತೇ ಎಂದು ಮುಂದೆ ಪತ್ರಕರ್ತರು ಕೇಳಿದಾಗ, ಬೀರಿರಬೇಕೆಂಬುದೇ ತನ್ನ ಬಲವಾದ ಆಶೆಯೆಂದು ಅವನು ಮುಚ್ಚುಮರೆಯಿಲ್ಲದೆ ನುಡಿದನು.

1987ರ ಏಪ್ರಿಲ್ 2ರಂದು ಗ್ರೇಯವರನ್ನು ಸೆನೆಟರ್ ಡಿಕಾನ್ಸಿನಿಯವರ ಕಚೇರಿಗೆ, ಸಹಾಯಕರನ್ನು ಕರೆತರಬಾರದೆಂಬ ಸೂಚನೆಯೊಡನೆ, ಬರಮಾಡಿಕೊಳ್ಳಲಾಯಿತು. ಅಲ್ಲಿದ್ದವರು ಕ್ರ್ಯಾನ್‌ಸ್ಟನ್, ಡಿಕಾನ್ಸಿನಿ, ಗ್ಲೆನ್, ಮೆಕೇನ್ ಎಂಬ ನಾಲ್ವರು ಸೆನೆಟರರು. ಏಪ್ರಿಲ್ 9ರ ಎರಡನೆಯ ಭೇಟಿಗೆ ರೀಗಲ್ ಕೂಡಿಕೊಂಡರು. ಅಂದು ಲಿಂಕನ್ನಿನ ಲೆಕ್ಕಗಳನ್ನು ತಪಾಸಣೆ ಮಾಡುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಅಧಿಕಾರಿಗಳನ್ನೇ ಕರೆಸಲಾಗಿತ್ತು. ಅವರಲ್ಲೊಬ್ಬರಾದ ವಿಲಿಯಮ್ ಬ್ಲ್ಯಾಕ್ ನಡೆದ ಮಾತನ್ನೆಲ್ಲ ಬರೆದುಕೊಂಡದ್ದರಿಂದ ಆ ಸಭೆಯ ಚಿತ್ರ ನಮಗೆ ಉಳಿದಿದೆ. ನಿಮ್ಮ ಕ್ರಮದಿಂದ ನಮ್ಮ ಕ್ಷೇತ್ರದವನೊಬ್ಬನಿಗೆ ಹಾನಿಯಾದೀತೆಂಬ ಧಾಟಿಯಲ್ಲಿ ಸೆನೆಟರರು ಮಾತು ತೆಗೆದರು. ತಪಾಸಣೆ ಇಷ್ಟು ದೀರ್ಘವಾಗಿ ಏಕೆ ಎಳೆಯುತ್ತಿದೆಯೆಂದು ವಿಚಾರಿಸಿದರು. ಕೊನೆಗೆ ಅಧಿಕಾರಿಗಳು, ಲಿಂಕನ್ನಿನ ಮೇಲೆ ಕ್ರಿಮಿನಲ್ ಮೊಕದ್ದಮೆಯ ಪರಿಶೀಲನೆಗಾಗಿ ನ್ಯಾಯ ಇಲಾಖೆಗೆ ತಾವು ವರದಿ ಕಳುಹಿಸಲಿರುವುದಾಗಿ ತಿಳಿಸಿಬಿಟ್ಟರು.

ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಧರ್ಮಸೂಕ್ಷ್ಮವು ಆ ಒಂದು ಕ್ಷಣದಲ್ಲಿ ಅಡಗಿದೆ. ಅದಕ್ಕೆ ಹಿಂದೆ ತಾವು ಮಾಡಿದ್ದನ್ನು, ಕ್ಷೇತ್ರದ ಪ್ರಮುಖನೊಬ್ಬನ ದೂರನ್ನು ಅಧಿಕಾರಿಗಳಿಗೆ ಮುಟ್ಟಿಸಿದೆವೆಂದು ಆ ಐವರು ಸಮರ್ಥಿಸಿಕೊಂಡರೆ ಅದನ್ನು ಸಹಾನುಭೂತಿಯಿಂದ ಕೇಳಬಹುದು. ಜನಪ್ರತಿನಿಧಿಯಾದವನು ದೂರು ಕೇಳದಿದ್ದರೆ ಅವನಿದ್ದು ಪ್ರಯೋಜನವೇನು? ಆದರೆ ಅಪರಾಧದ ಶಂಕೆಯನ್ನು ಅಧಿಕಾರಿಗಳ ಬಾಯಿಂದಲೇ ಕೇಳಿದಮೇಲೆ ಸ್ಥಿತಿ ಬೇರೆಯಾಯಿತು. ಅಷ್ಟು ಹೊತ್ತೂ ಆ ಕೋಣೆಯಲ್ಲಿ ಮಾತು ನಡೆದದ್ದು ಮಾಲೀಕನ ಹಾನಿಯನ್ನು ಕುರಿತು. ಆ ಸಂಸ್ಥೆಯಲ್ಲಿ ಹಣವಿಟ್ಟಿದ್ದ ಸಹಸ್ರಾರು ಜನರು ಕ್ರ್ಯಾನ್‌ಸ್ಟನ್ ಅವರ ಕ್ಯಾಲಿಫೋರ್ನಿಯದ ಮತದಾರರೇ ಆಗಿದ್ದರೂ ಅವರ ಪರವಾಗಿ ಆಡುವವರು ಅಲ್ಲಿ ಆ ಅಧಿಕಾರಿಗಳಲ್ಲದೆ ಮತ್ತಾರೂ ಇರಲಿಲ್ಲ.

ಮುಂದಿನ ಎರಡು ವರ್ಷಗಳಲ್ಲಿ ನಡೆದುದನ್ನು ನೆನೆದರೆ ಮನಸ್ಸು ಕಹಿಯಾಗುತ್ತದೆ. ಗ್ರೇಯವರ ಅವಧಿ ಅದೇ ಬೇಸಗೆಯಲ್ಲಿ ಮುಗಿದು ಡ್ಯಾನಿ ವಾಲ್ ಅಧ್ಯಕ್ಷರಾದರು. ಲಿಂಕನ್ನಿನ ತಪಾಸಣೆಯನ್ನು ಸ್ಯಾನ್ ಫ್ರಾನ್ಸಿಸ್ಕೋದವರ ಕೈಯಿಂದ ತೆಗೆದು ವಾಷಿಂಗ್ಟನ್ನಿಗೆ ಒಯ್ಯಲಾಯಿತು. ಸಂಸ್ಥೆಯ ಬಾಗಿಲು ತೆರೆದೇ ಇತ್ತು. ಆ ಬಾಗಿಲಿನೊಳಗೆ, ಠೇವಣಿ ಇಡುವ ಶಾಖೆಗಳಲ್ಲಿಯೇ, ಮೂಲ ಕಂಪನಿಯ ಸಾಲಪತ್ರಗಳನ್ನು ಮಾರಲಾಗುತ್ತಿತ್ತು. ಇವುಗಳಿಗೆ ಸರ್ಕಾರದ ವಿಮೆ ಇರಲಿಲ್ಲ. ಠೇವಣಿಯ ಅವಧಿ ಮುಗಿದು ಹಣ ನವೀಕರಿಸಲು ಬಂದವರಿಗೆ, ಅವರಲ್ಲಿ ಅನೇಕರು ವೃದ್ಧರು, ಹೆಚ್ಚು ಬಡ್ಡಿ ಬರುವ ಈ ಪತ್ರಗಳನ್ನು ತೋರಿಸಿದರೆ, ದಿನವೂ ಕಾಣುವ ಅದೇ ಕಟ್ಟಡ, ಅದೇ ನಗುಮುಖ. ಭೇದ ತಿಳಿಯುವುದು ಹೇಗೆ? ದುರ್ಬಲರೂ ಸೌಮ್ಯರೂ ಅಜ್ಞರೂ ಯಾವಾಗಲೂ ಒಳ್ಳೆಯ ಗುರಿಯೆಂಬುದನ್ನು ಮರೆಯಬೇಡಿ ಎಂಬರ್ಥದ ಬೋಧನೆ ಮಾರಾಟಗಾರರಿಗಾಗಿ ಸಿದ್ಧವಾದ ಕಾಗದವೊಂದರಲ್ಲಿ ಇದ್ದುದು ಮುಂದೆ ಬೆಳಕಿಗೆ ಬಂದಿತು. 1989ರ ಏಪ್ರಿಲ್ 13ರಂದು ಮೂಲ ಕಂಪನಿ ದಿವಾಳಿ ಅರ್ಜಿ ಹಾಕಿತು; ಮರುದಿನ ಸರ್ಕಾರ ಲಿಂಕನ್ನನ್ನು ವಶಪಡಿಸಿಕೊಂಡಿತು. ಸುಮಾರು 23,000 ಮಂದಿ ಕೊಂಡಿದ್ದ ಪತ್ರಗಳು ಬರಿಯ ಕಾಗದವಾದವು. ಬೊಕ್ಕಸಕ್ಕೆ ತಗುಲಿದ ನಷ್ಟ ಸುಮಾರು 300 ಕೋಟಿ ಡಾಲರ್.

ಇನ್ನು ತೀರ್ಪು. ಎರಡೂ ಪಕ್ಷಗಳಿಂದ ಮೂವರಂತೆ ಆರು ಮಂದಿಯ ಸಮಿತಿಯು, ರಾಬರ್ಟ್ ಬೆನೆಟ್ ಎಂಬ ವಕೀಲರ ಸಹಾಯದಿಂದ, 1990ರ ನವೆಂಬರಿನಿಂದ ಬಹಿರಂಗ ವಿಚಾರಣೆ ನಡೆಸಿತು. ಗ್ಲೆನ್, ಮೆಕೇನ್ ಇವರದು ವಿವೇಕದ ಕೊರತೆ. ಡಿಕಾನ್ಸಿನಿ, ರೀಗಲ್ ಇವರ ನಡತೆ ಅನುಚಿತವಾಗಿ ಕಾಣುವಂಥದು. ಕ್ರ್ಯಾನ್‌ಸ್ಟನ್ ಒಬ್ಬರದು ಮಾತ್ರ, ದೇಣಿಗೆ ಸಂಗ್ರಹವನ್ನೂ ಅಧಿಕಾರದ ಕೆಲಸವನ್ನೂ ಹೆಣೆದ ದೋಷ. 1991ರ ನವೆಂಬರಿನಲ್ಲಿ ಅವರಿಗೆ ವಾಗ್ದಂಡನೆಯಾಯಿತು. ಹಣಕ್ಕೂ ಕಾರ್ಯಕ್ಕೂ ಇರುವ ಅಂತರವನ್ನು ಅಳೆದು, ಅಂತರ ಕಡಿಮೆಯಾದಷ್ಟೂ ದೋಷ ಹೆಚ್ಚೆಂದು ಎಣಿಸಿದ ಈ ಕ್ರಮದಲ್ಲಿ ಶ್ರದ್ಧೆಯಿದೆ, ಪಕ್ಷಪಾತವನ್ನು ಮೀರುವ ಪ್ರಯತ್ನವೂ ಇದೆ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಏಪ್ರಿಲ್ 9ರ ಮೇಲೆ ಮೆಕೇನ್ ಅವರು ಕೀಟಿಂಗನ ಪರವಾಗಿ ಏನನ್ನೂ ಮಾಡಲಿಲ್ಲವೆಂಬುದನ್ನು ಸಮಿತಿ ಅವರ ಪರವಾಗಿ ಗಣಿಸಿತು. ಏನನ್ನೂ ಮಾಡದಿರುವುದು ಪುಣ್ಯದ ಖಾತೆಗೆ ಸೇರಬೇಕಾದದ್ದೇ? ತನಿಖೆಯ ವಿಷಯ ಗೋಪ್ಯವಾದದ್ದು, ಅದನ್ನು ಬೀದಿಯಲ್ಲಿ ಸಾರಲಾಗುತ್ತಿರಲಿಲ್ಲವೆಂಬ ಸಮಾಧಾನವನ್ನು ನಾನು ಒಪ್ಪುತ್ತೇನೆ. ಆದರೆ ವಿಳಂಬವೇಕೆಂದು ಗದರಿದ ಅದೇ ಅಧಿಕಾರಿಗಳನ್ನು ಮರುವಾರ ಕಂಡು, ನಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ, ನಿಮ್ಮ ಕರ್ತವ್ಯವನ್ನು ನಿರ್ಭಯವಾಗಿ ಮಾಡಿ ಎಂದು ಹೇಳುವುದಕ್ಕೆ ಯಾವ ಗೋಪ್ಯತೆಯೂ ಅಡ್ಡ ಬರುತ್ತಿರಲಿಲ್ಲ. ಅಧಿಕಾರದ ನೆರಳನ್ನು ಒಮ್ಮೆ ಚಾಚಿದವನು ಅದನ್ನು ತಾನೇ ಎಳೆದುಕೊಳ್ಳದಿದ್ದರೆ ಅದು ಚಾಚಿಯೇ ಇರುತ್ತದೆ. ಗ್ಲೆನ್ ಅವರಂತೂ 1988ರಲ್ಲಿ ಕೀಟಿಂಗನಿಗೂ ಪ್ರತಿನಿಧಿಸಭೆಯ ಅಧ್ಯಕ್ಷರಿಗೂ ಭೋಜನಕೂಟವೊಂದನ್ನು ಏರ್ಪಡಿಸಿಕೊಟ್ಟರು; ಆದರೂ ಅವರ ಪಾಲಿಗೆ ಬಂದದ್ದು ವಿವೇಕದ ಕೊರತೆಯೆಂಬ ಮಾತಷ್ಟೇ. ಭೂಮಂಡಲವನ್ನು ಕಕ್ಷೆಯಲ್ಲಿ ಸುತ್ತಿಬಂದ ಪ್ರಥಮ ಅಮೆರಿಕನ್ನರು ಅವರು. ವಿಯೆಟ್ನಾಮಿನ ಸೆರೆಯಲ್ಲಿ ಐದು ವರ್ಷಕ್ಕೂ ಮೀರಿ ಯಾತನೆಪಟ್ಟವರು ಮೆಕೇನ್. ಧೈರ್ಯದಲ್ಲಿ ಇಬ್ಬರೂ ಅಸಾಮಾನ್ಯರು. ಆದುದರಿಂದಲೇ ಅವರ ಈ ಮೌನ ಹೆಚ್ಚು ನೋಯಿಸುತ್ತದೆ.

ದಂಡನೆಯ ದಿನ ಕ್ರ್ಯಾನ್‌ಸ್ಟನ್ ಅವರು ಎದ್ದುನಿಂತು, ತಾವು ಮಾಡಿದ್ದು ಉಳಿದ ಸೆನೆಟರರು ಮಾಡುವುದಕ್ಕಿಂತ ಬೇರೆಯಲ್ಲವೆಂದರು. ಸಮಿತಿಯ ಸದಸ್ಯರಾಗಿದ್ದ ವಾರೆನ್ ರಡ್ಮನ್ ಕೆರಳಿ, ಇದು ಸಭೆಗೇ ಕಳಂಕ ಹಚ್ಚುವ ಉದ್ಧಟತನವೆಂದರು. ಸಮರ್ಥನೆಯೆಂದು ತೆಗೆದುಕೊಂಡರೆ ಆ ಮಾತು ಟೊಳ್ಳು. ಸಾಕ್ಷ್ಯವೆಂದು ತೆಗೆದುಕೊಂಡರೆ ವಿಚಾರಣೆಯಲ್ಲಿ ಕೇಳಿಬಂದ ಅತ್ಯಂತ ಬೆಲೆಯುಳ್ಳ ಮಾತು ಅದೇ. ಸಮಿತಿ ಅದನ್ನು ಖಂಡಿಸಿತೇ ಹೊರತು ಪರೀಕ್ಷಿಸಲಿಲ್ಲ.

ಮರುವರ್ಷ ಸೆನೆಟ್ ತನ್ನ ನಿಯಮಾವಳಿಗೆ 43ನೆಯ ನಿಯಮವನ್ನು ಸೇರಿಸಿಕೊಂಡಿತು. ಅರ್ಜಿದಾರನ ಪರವಾಗಿ ಸದಸ್ಯನು ಸರ್ಕಾರದ ಇಲಾಖೆಗಳನ್ನು ವಿಚಾರಿಸಬಹುದು, ಶೀಘ್ರಗತಿಗೆ ಒತ್ತಾಯಿಸಬಹುದು. ಆದರೆ ಸಹಾಯ ಮಾಡುವುದು ಬಿಡುವುದು ದೇಣಿಗೆಯನ್ನು ನೋಡಿ ಆಗಬಾರದು ಎಂಬುದು ಅದರ ಸಾರ. ದಾನಿಯೂ ಪ್ರತಿನಿಧಿಯೂ ಆ ನಿಯಮದಲ್ಲಿದ್ದಾರೆ. ಇವರಿಬ್ಬರ ವ್ಯವಹಾರದಿಂದ ಮನೆ ಕಳೆದುಕೊಳ್ಳಬಹುದಾದ ಮೂರನೆಯವನಿಗೆ, ಶಾಖೆಯ ಕಿಟಕಿಯ ಮುಂದೆ ತನ್ನ ಠೇವಣಿಯ ರಸೀತಿ ಹಿಡಿದು ನಿಂತವನಿಗೆ, ಪ್ರತಿನಿಧಿಯಾದವನು ಸಲ್ಲಿಸಬೇಕಾದ ಕರ್ತವ್ಯವೇನೆಂಬುದನ್ನು ಅದು ವಿಧಿಸಿಲ್ಲ.