ನಾಲ್ಕು ಹೊತ್ತಿಗೆಗಳ ನಡುವಣ ನಿಜ: ಬರ್ಡ್‌ನ ಒಂದು ಮೋಟೆಟ್

ಲ್ಯಾಟಿನ್ ಭಾಷೆಯ ಧಾರ್ಮಿಕ ಪಠ್ಯವನ್ನು ಹಲವು ಕಂಠಗಳು ವಾದ್ಯಗಳ ನೆರವಿಲ್ಲದೆ, ಏಕಕಾಲದಲ್ಲಿ ಬೇರೆ ಬೇರೆ ಸ್ವರಪಂಕ್ತಿಗಳಲ್ಲಿ ಹಾಡುವ ಮೋಟೆಟ್, ಐರೋಪ್ಯ ಪುನರುಜ್ಜೀವನ ಕಾಲದ ಪ್ರಮುಖ ಸಂಗೀತ ಪ್ರಕಾರ. ಇಂಗ್ಲೆಂಡಿನ ವಿಲಿಯಂ ಬರ್ಡ್ 1605ರಲ್ಲಿ ಪ್ರಕಟಿಸಿದ ‘ಗ್ರಾದುವಾಲಿಯಾ’ ಮೊದಲ ಸಂಪುಟದಲ್ಲಿ, ನಾಲ್ಕು ಕಂಠಗಳಿಗೆ ರಚಿತವಾದ ‘ಆವೇ ವೇರುಂ ಕೋರ್ಪುಸ್’ ಇದೆ. ಇದನ್ನು ಸರಳವೂ ಪ್ರಶಾಂತವೂ ಆದ ಭಕ್ತಿರಚನೆಯೆಂದು ಹೊಗಳುವುದು ವಾಡಿಕೆ. ಈ ಪ್ರಶಂಸೆ ಸುಳ್ಳಲ್ಲವಾದರೂ ಅಪೂರ್ಣವೆಂಬುದು ನಮ್ಮ ಅಭಿಪ್ರಾಯ.

ಬರ್ಡ್ ರಾಣಿ ಎಲಿಜಬೆತ್ತಳ ಅರಮನೆಯ ದೇವಾಲಯದ ಸಂಗೀತಗಾರನಾಗಿದ್ದೂ ಕ್ಯಾಥೊಲಿಕ್ ಮತವನ್ನು ಬಿಡದವನು. ಆ ಮತದ ಪೂಜೆ ಅಂದು ಇಂಗ್ಲೆಂಡಿನಲ್ಲಿ ನಿಷಿದ್ಧ. ಅದು ಶ್ರೀಮಂತರ ಮನೆಗಳೊಳಗೆ ಗುಟ್ಟಾಗಿ ನಡೆಯುತ್ತಿತ್ತು. ಪ್ರಸಾದದ ರೊಟ್ಟಿಯಲ್ಲಿರುವುದು ಕ್ರಿಸ್ತನ ‘ನಿಜವಾದ’ ದೇಹವೆಂದು ಈ ಗೀತ ವಂದಿಸುತ್ತದೆ. ರೊಟ್ಟಿಯೇ ದೇಹವಾಗಿ ಮಾರ್ಪಡುತ್ತದೆಂಬ ಸಿದ್ಧಾಂತವನ್ನು ಇಂಗ್ಲೆಂಡಿನ ಚರ್ಚು 1571ರ ಮೂವತ್ತೊಂಬತ್ತು ಸೂತ್ರಗಳಲ್ಲಿ ನಿರಾಕರಿಸಿತ್ತು. ಹೀಗಾಗಿ ಇಲ್ಲಿ ‘ವೇರುಂ’, ಅಂದರೆ ‘ನಿಜವಾದ’, ಎಂಬುದು ಕೇವಲ ಅಲಂಕಾರದ ವಿಶೇಷಣವಲ್ಲ. ವಿವಾದದ ಮೂಲವೇ ಅದು.

ಬರ್ಡ್ ಈ ಪದವನ್ನು ಹೇಗೆ ನಿರ್ವಹಿಸಿದ್ದಾನೆಂಬುದು ಗಮನಾರ್ಹ. ಕೃತಿಯ ಆಧಾರವಾದ ‘ಜಿ’ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ, ಆರಂಭದಲ್ಲಿ ಮೇಲಿನ ಕಂಠ ಕಾಕಲಿ ನಿಷಾದವನ್ನು ಹಾಡುತ್ತದೆ. ಒಡನೆಯೇ ಕೆಳಗಿನ ಕಂಠದಲ್ಲಿ ಕೈಶಿಕಿ ನಿಷಾದ ಬರುತ್ತದೆ. ಈ ಘರ್ಷಣೆಯ ಒತ್ತು ಬೀಳುವುದು ‘ವೇರುಂ’ ಮೇಲೆ. ಇಂಥ ಸ್ವರವೈಷಮ್ಯ ಅಂದಿನ ಇಂಗ್ಲಿಷ್ ಸಂಗೀತದಲ್ಲಿ ಸಾಮಾನ್ಯವೆಂಬ ಆಕ್ಷೇಪ ಸರಿಯೇ. ಆದರೆ ರೂಢಿಯ ಸಾಮಗ್ರಿಯನ್ನು ಎಲ್ಲಿ ಇರಿಸಿದನೆಂಬುದರಲ್ಲಿ ರಚನಕಾರನ ವಿವೇಕವಿದೆ.

ಮುದ್ರಣದ ಸ್ವರೂಪವನ್ನೂ ಇಲ್ಲಿ ನೆನೆಯಬೇಕು. ‘ಗ್ರಾದುವಾಲಿಯಾ’ ಅಚ್ಚಾದದ್ದು ಪ್ರತಿ ಕಂಠಕ್ಕೂ ಪ್ರತ್ಯೇಕ ಹೊತ್ತಿಗೆಯಾಗಿ. ಮೇಲಿನ ಕಂಠದ ಹೊತ್ತಿಗೆಯಲ್ಲಿ ಒಂದು ನಿಷಾದ, ಕೆಳಗಿನದರಲ್ಲಿ ಇನ್ನೊಂದು. ಬಿಡಿಯಾಗಿ ಎರಡೂ ನಿರ್ದೋಷ. ಘರ್ಷಣೆ ಯಾವ ಹೊತ್ತಿಗೆಯಲ್ಲೂ ಇಲ್ಲ. ಜನ ಒಂದೆಡೆ ಕೂಡಿ ಹಾಡಿದಾಗ ಮಾತ್ರ ಅದು ಹುಟ್ಟುತ್ತದೆ. ಕೂಡುವುದೇ ಅಪರಾಧವಾಗಿದ್ದ ಸಮುದಾಯಕ್ಕೆ ಇದು ಸಣ್ಣ ಸಂಗತಿಯಲ್ಲ. ಬರ್ಡ್‌ನ ಪುಸ್ತಕಗಳನ್ನು ಹೊಂದಿದ್ದ ಕಾರಣಕ್ಕೆ 1605ರಲ್ಲಿ ಫ್ರೆಂಚನೊಬ್ಬ ಬಂಧಿತನಾದುದಕ್ಕೆ ದಾಖಲೆಯಿದೆ.

ಅಂತ್ಯವನ್ನು ಹೋಲಿಸಿ ನೋಡಬಹುದು. ಮೊಟ್ಸಾರ್ಟ್ 1791ರಲ್ಲಿ ಇದೇ ಪಠ್ಯಕ್ಕೆ ಸ್ವರ ಹಾಕಿದಾಗ, ಮರಣಕಾಲದಲ್ಲಿ ಈ ದೇಹ ‘ನಮಗೆ’ ಒದಗಲೆಂಬ ಬೇಡಿಕೆಗೆ ನಿಲ್ಲಿಸಿದ. ಬರ್ಡ್ ಮುಂದುವರಿದು, ‘ನನ್ನನ್ನು’ ಕರುಣಿಸೆಂಬ ಏಕವಚನದ ಮೊರೆಯನ್ನೂ ಸೇರಿಸಿಕೊಳ್ಳುತ್ತಾನೆ. ಅದುವರೆಗೆ ಬಹುಮಟ್ಟಿಗೆ ಒಟ್ಟಾಗಿ ನಡೆದ ಕಂಠಗಳು ಈ ಮೊರೆಯಲ್ಲಿ ಒಂದನ್ನೊಂದು ಅನುಸರಿಸುತ್ತ ಬಿಡಿಬಿಡಿಯಾಗಿ ಪ್ರವೇಶಿಸುತ್ತವೆ. ಆ ಭಾಗವಿಡೀ ಮತ್ತೊಮ್ಮೆ ಆವೃತ್ತಿಯಾಗುತ್ತದೆ. ‘ನಾನು’ ಎಂಬುದನ್ನು ನಾಲ್ವರು ಹಂಚಿಕೊಳ್ಳುವ ಈ ಬಗೆ, ಆರಂಭದ ಘರ್ಷಣೆಗೆ ಕೃತಿಯೊಳಗಿನ ಉತ್ತರವೆಂದು ನಮಗೆ ತೋರುತ್ತದೆ.

ಅಂದು ನಿರಾಕರಿಸಿದ ಚರ್ಚಿನ ಗಾಯಕವೃಂದಗಳೇ ಇಂದು ಈ ಕೃತಿಯನ್ನು ಆದರದಿಂದ ಹಾಡುತ್ತಿವೆ. ಆದರೆ ದೊಡ್ಡ ವೃಂದ ಅದನ್ನು ನಿಧಾನವಾಗಿ, ನುಣುಪಾಗಿ ಹಾಡಿದಾಗ ಆ ಎರಡು ನಿಷಾದಗಳ ಅಂಚು ಸವೆಯುತ್ತದೆ. ಉಳಿಯುವುದು ಪ್ರಶಾಂತಿ ಮಾತ್ರ. ಕಂಠಕ್ಕೊಬ್ಬರೋ ಇಬ್ಬರೋ ಇರುವ ಗಾಯನವನ್ನು ಕೇಳಿದರೆ, ಆ ಪ್ರಶಾಂತಿಯನ್ನು ಗಳಿಸಲು ತೆತ್ತ ಬೆಲೆಯೂ ಕಿವಿಗೆ ಬೀಳುತ್ತದೆ.